ಗೋಣಿಚೀಲಕ್ಕೆ ಹೋದ ಬೂಟು

ಹೋದ ವಾರ ಬೆಳಗೋಡಿನಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರು ಪಂಚೆ ಸರಿಸಿ ಮಂಡಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡರು. ಹನ್ನೆರಡು ವರ್ಷಗಳಿಂದ ನಾನು ಆ ಎಣ್ಣೆಯನ್ನು ಮನೆಗೆ ತಂದಿಲ್ಲ...

ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಚಾಚಾ ಕಾಫಿ ಮೂಟೆ ಸಾಗಿಸುವ ಜೀಪು ಓಡಿಸುತ್ತಿದ್ದರು. ಮಳೆಗಾಲದಲ್ಲಿ ಸಕಲೇಶಪುರದ ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಿದ್ದರು. ಆಗ ಅವರಿಗೆ ನಲವತ್ತರ ಹತ್ತಿರ. ಬೆಂಚಿನ ಮೇಲೆ ಕಾದಿದ್ದು ಕೊನೆಯ ಕಾಲು ಗಂಟೆಗೆ ಇಳಿಯುತ್ತಿದ್ದರು.

ಅಪ್ಪ ಕ್ಲಬ್ಬಿನ ಕಾರ್ಯದರ್ಶಿ. ಆಟಗಾರರ ಕರಾರು ಒಂದೊಂದೇ ವರ್ಷದ್ದು. ಸೀಸನ್ ಮುಗಿದಾಗ ಎಲ್ಲರೂ ಬೂಟುಗಳನ್ನು ನಮ್ಮ ಜಗಲಿಯಲ್ಲಿ ಬಿಡುತ್ತಿದ್ದರು. ಮುಂಗಾರಿಗೆ ಮೊದಲು, ಉಳಿಸಿಕೊಳ್ಳಬೇಕಾದವರ ಬೂಟುಗಳು ಮಾತ್ರ ಗೋಣಿಚೀಲದಲ್ಲಿ ಸೋಲ್ ಹೊಲಿಸಲು ಹೋಗುತ್ತಿದ್ದವು. ಜಗಲಿಯಲ್ಲೇ ಉಳಿದ ಬೂಟನ್ನು ಅದರ ಒಡೆಯರು ಸುಮ್ಮನೆ ಬಂದು ಒಯ್ಯುತ್ತಿದ್ದರು. ಬೇಡವೆಂದು ಯಾರೂ ಯಾರ ಮುಖಕ್ಕೂ ಹೇಳಬೇಕಿರಲಿಲ್ಲ.

ಆ ವರ್ಷ ಕಮಿಟಿ ಕೂತಾಗ ನಾನು ಒಳಗೆ ಓದುತ್ತಿದ್ದೆ. ಏಳನೇ ತರಗತಿ. ಮಾತು ಚಾಚಾ ಅವರತ್ತ ತಿರುಗಿತು.

“ಅವ್ರು ಬಾಲ್ ಹಿಂದೆ ಓಡಲ್ಲ ಕಣ್ರೀ, ಬಾಲೇ ಸಲಾಂ ಹೊಡ್ಕಂಡು ಹತ್ರ ಬರ್ತೈತೆ,” ಎಂದರು ಕೋಚ್. “ಇನ್ನೊಂದ್ ವರ್ಷ ಇರ್ಲಿ. ಹುಡುಗ್ರು ಅವ್ರ ಮಾತು ಕೇಳ್ತಾರೆ.”

ಅಪ್ಪ ನಗಲಿಲ್ಲ. “ಆ ಎಡಗಾಲಿನ ಮಂಡಿ ಇನ್ನೊಂದ್ ಮಳೆಗಾಲ ತಡಿಯಲ್ಲ ಅಂದವ್ರೆ ಡಾಕ್ಟ್ರು. ನಾಳೆ ಜೀಪಿನ ಕ್ಲಚ್ ನೀನು ತುಳೀತೀಯಾ ಮಾರಾಯ?”

ಬೇಡವೆಂದೇ ತೀರ್ಮಾನವಾಯಿತು. ನನಗೆ ಪ್ರತಿ ಮಾತೂ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಚಾಚಾ ಬಂದರು. ಅವರಿಗಿಂತ ಮೊದಲು ನೀಲಗಿರಿ ಎಣ್ಣೆಯ ವಾಸನೆ ಬಂತು. ತುಂಬಿದ ಚೀಲವನ್ನೂ ಪಕ್ಕದಲ್ಲಿದ್ದ ತಮ್ಮ ಬೂಟನ್ನೂ ನೋಡಿದರು.

“ನಂದು ಇನ್ನೂ ಚೀಲ ಹತ್ತಿಲ್ವಾ ಪುಟ್ಟಿ? ನಿಮ್ಮಪ್ಪಂಗೆ ಮರ್ತೋಗ್ಬುಟ್ಟಿರ್ಬೇಕು.”

ಅವರು ಹೆಗಲಿನ ಟವೆಲ್ಲಿನಿಂದ ಬೂಟುಗಳ ಧೂಳು ಒರೆಸಿ, ಜೋಡಿಸಿಟ್ಟು ಹೊರಟರು. ಅವರು ಗೇಟು ದಾಟಿದ ಮೇಲೆ ನಾನು ಚೀಲದ ದಾರ ಬಿಚ್ಚಿ, ಆ ಜೋಡಿಯನ್ನು ತಳಕ್ಕೆ ತುರುಕಿ, ಮತ್ತೆ ಕಟ್ಟಿದೆ.

ಹೊಲಿದ ಬೂಟುಗಳನ್ನು ಆಟಗಾರರು ಅಂಗಡಿಯಿಂದಲೇ ತೆಗೆದುಕೊಳ್ಳುತ್ತಿದ್ದರು. ಅಪ್ಪನಿಗೆ ತಿಳಿಯುವಷ್ಟರಲ್ಲಿ ಚಾಚಾ ತಮ್ಮದನ್ನು ಪೇಟೆಗೆಲ್ಲ ತೋರಿಸಿಯಾಗಿತ್ತು. “ಹೊಲಿಸಿ ಕೊಟ್ಟ ಮೇಲೆ ಇಲ್ಲ ಅನ್ನೋದು ಹೆಂಗೆ?” ಎಂದು ಅಪ್ಪ ಕರಾರಿಗೆ ಸಹಿ ಹಾಕಿದರು. ಬೂಟನ್ನು ಚೀಲಕ್ಕೆ ಯಾರು ಹಾಕಿದ್ದೆಂದು ಕೇಳಲಿಲ್ಲ. ಒಮ್ಮೆ ನನ್ನತ್ತ ನೋಡಿದರು, ಅಷ್ಟೇ.

ಮೂರನೆಯ ಪಂದ್ಯ. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಚಾಚಾ ಇಳಿದರು, ಚೆಂಡು ಅವರ ಬಳಿಗೇ ಬಂತು. ಯಾರೂ ಅವರನ್ನು ಮುಟ್ಟಲಿಲ್ಲ. ಅವರು ತಿರುಗಿದರು, ಹೊಸ ಸೋಲ್ ಕೆಸರನ್ನು ಬಿಗಿಯಾಗಿ ಹಿಡಿದಿತ್ತು, ಎಡಗಾಲು ತಿರುಗಲಿಲ್ಲ. ಕೂಗಲೂ ಇಲ್ಲ, ಮೆಲ್ಲಗೆ ಕೂತುಬಿಟ್ಟರು...

ಜೀಪು ಕೆಲವು ತಿಂಗಳು ಟಾರ್ಪಾಲಿನಡಿ ನಿಂತಿತ್ತು. ಆಮೇಲೆ ಯಾರೋ ಒಯ್ದರು. ನೋಡಲು ಹೋದಾಗ ಚಾಚಾ ನಕ್ಕು, “ಎಲ್ಲಾರೂ ಬೇಡ ಅಂದ್ರೂ ನಿಮ್ಮಪ್ಪ ನನ್ನ ಕೈಬಿಡ್ಲಿಲ್ಲ ಪುಟ್ಟಿ,” ಎಂದರು. ಚೀಲಕ್ಕೆ ತುರುಕಿದ್ದು ನಾನೆಂದು ಹೇಳಲಿಲ್ಲ. ಮರುವರ್ಷದಿಂದ ಅಪ್ಪ ಚೀಲವನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕತೊಡಗಿದರು.

ಕೆ. ಹೊಸಕೋಟೆಯಲ್ಲಿರುವ ಮಗಳ ಮನೆಯಲ್ಲಿ ಚಾಚಾ ತೀರಿಕೊಂಡು ಎರಡು ವರ್ಷವಾಯಿತು. ಇನ್ನು ಹೇಳಲು ಯಾರೂ ಇಲ್ಲ.

ಬಸ್ಸಿನ ಹಿರಿಯರು ಸೀಸೆಯ ಮುಚ್ಚಳ ತಿರುಗಿಸುತ್ತಾ ಹಿಂದೆ ನೋಡಿದರು. “ವಾಸ್ನೆ ಆಗ್ತೈತೇನಮ್ಮ? ಕಿಟ್ಕಿ ತೆಗೀಲಾ?”

ಬೇಡ, ಇರಲಿ ಎಂದೆ.