ಅಕ್ಕನ ಮಾತು ಕಡಿಯಬಾರದು

ಮೂಡಣದಲ್ಲಿ ಇನ್ನೂ ಕೆಂಪೇರಿಲ್ಲ. ಆರಂತಸ್ತಿನ ಕಚೇರಿಯೊಂದರ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ತಣ್ಣನೆಯ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ಮಹಿಳೆಯೊಬ್ಬರು ಒಳಗೆ ಕಾಲಿಡುತ್ತಾರೆ. ಎದುರಿಗೆ ಆಳೆತ್ತರದ ಕಬ್ಬಿಣದ ಕಪಾಟು. ಅದರ ನಡುವೆ ನೂರಾರು ನೀಲಿ ಕೇಬಲ್ಲುಗಳನ್ನು ಕಚ್ಚಿ ಹಿಡಿದ ಉಕ್ಕಿನ ಪೆಟ್ಟಿಗೆ. ಒಳಗಿನ ಫ್ಯಾನುಗಳ ಮೊರೆತ ತಂಬೂರಿಯ ಶ್ರುತಿಯಂತೆ ಒಂದೇ ಸಮನೆ ಹರಿಯುತ್ತಿದೆ. ಆ ಶ್ರುತಿಗೆ ಒಗ್ಗಿದ ಕಿವಿ ಅವರದು; ಒಂದು ಫ್ಯಾನು ಸೋತರೂ ಹೊಸ್ತಿಲಲ್ಲೇ ತಿಳಿಯುತ್ತದೆ. ಪೆಟ್ಟಿಗೆಯ ಬೆನ್ನಿಗೆ ಅಂಗೈ ಒಡ್ಡಿ ಹೊರಬರುವ ಗಾಳಿಯ ಬಿಸಿ ನೋಡುತ್ತಾರೆ.

"ಜ್ವರ ಇಲ್ಲ," ಎನ್ನುತ್ತಾರೆ, ಮಗುವಿನ ಹಣೆ ಮುಟ್ಟಿ ನೋಡಿದವರಂತೆ.

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು 'ಸ್ವಿಚ್ಚಮ್ಮ'. ಊರಿನ ಯಾವ ಬೀದಿಯಲ್ಲಿ ಕರೆಂಟು ಹೋದರೂ ಜನ ಫೋನು ಮಾಡುವುದು ಈ ಕಟ್ಟಡಕ್ಕೆ. ಮೇಲಿನ ಮಹಡಿಗಳಲ್ಲಿ ಹಗಲಿರುಳು ದೂರು ಬರೆದುಕೊಳ್ಳುವವರ ಫೋನು, ಕಂಪ್ಯೂಟರು ಎಲ್ಲವೂ ಸಂಧಿಸುವ ತಾಣ ಈ ಪೆಟ್ಟಿಗೆಯೇ. ನೆಟ್‌ವರ್ಕ್ ಸ್ವಿಚ್ ಎಂದು ಅದರ ಹೆಸರು. ಕತ್ತಲಲ್ಲಿ ಕುಳಿತು ಬೈಯುವ ಊರಿಗೆ ದೂರು ಬರೆದುಕೊಂಡವರ ದನಿಯಾದರೂ ಗೊತ್ತು. ಆ ದನಿಗಳನ್ನು ದಾಟಿಸುವ ಈ ಕೋಣೆಯಾಗಲಿ, ಅದನ್ನು ಕಾಯುವ ಈ ಜೀವವಾಗಲಿ ಯಾರ ನೆನಪಿಗೂ ಬಾರದು.

ಸ್ವಿಚ್ಚಮ್ಮ ಮಣಿಕಟ್ಟಿಗೆ ಪಟ್ಟಿಯೊಂದನ್ನು ಸುತ್ತಿ ಅದರ ಕೊಂಡಿಯನ್ನು ಕಪಾಟಿಗೆ ಸಿಕ್ಕಿಸುತ್ತಾರೆ. ಮೈಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತು ಕೂಡ ಯಂತ್ರದ ಸೂಕ್ಷ್ಮ ಭಾಗಗಳಿಗೆ ತಗುಲಬಾರದು. ಆಮೇಲೆ ಸ್ಟೂಲಿನ ಮೇಲಿರುವ, ಅದೇ ಪೆಟ್ಟಿಗೆಗೆ ಜೋಡಿಸಿದ ಫೋನಿನಲ್ಲಿ ಒಂದು ನಂಬರು ಒತ್ತಿ, ದನಿ ಕೋಣೆಯಲ್ಲೆಲ್ಲ ಕೇಳುವಂತೆ ಸ್ಪೀಕರ್ ಹಾಕುತ್ತಾರೆ.

"ಅಕ್ಕಾ, ಎದ್ದಿದ್ದೀಯಾ?"

"ಏಳೋದೇನು, ಒಲೆಗೆ ಬೆಂಕಿ ಹಾಕಿ ಎಷ್ಟೋ ಹೊತ್ತಾಯ್ತು. ನಿನ್ನ ಹಾಗೆ ತಣ್ಣಗೆ ಕೂತು ಸಂಬಳ ಎಣಿಸ್ತೀನಾ ನಾನು?"

"ಮಾತಾಡ್ತಾ ಇರು. ನಾನು ಹೇಳೋವರೆಗೂ ನಿಲ್ಲಿಸಬೇಡ."

"ಹುಟ್ಟಿದಾಗಿಂದ ಎಲ್ಲರೂ ಬಾಯಿ ಮುಚ್ಚು ಅಂತಲೇ ಹೇಳಿದ್ದು. ನನ್ನ ಬೆಲೆ ತಿಳಿದವಳು ನೀನೊಬ್ಬಳೇ ನೋಡು!"

ಬಾಗಿಲಲ್ಲಿ ಚಹದ ಲೋಟ ಹಿಡಿದು ನಿಂತ ಮ್ಯಾನೇಜರ್ ನಗು ತಡೆದುಕೊಳ್ಳುತ್ತಾರೆ. ನಗುವ ಗಳಿಗೆಯೇನೂ ಇದಲ್ಲ. ಇನ್ನು ಕೆಲವೇ ನಿಮಿಷಗಳಲ್ಲಿ ನಡೆಯಲಿರುವ ಪರೀಕ್ಷೆಯ ಮೇಲೆ ಸ್ವಿಚ್ಚಮ್ಮನ ರಜೆ ನಿಂತಿದೆ. ಆ ರಜೆಯ ಮೇಲೆ ಅಕ್ಕನನ್ನು ಕಾಣುವ ಏಳು ವರ್ಷಗಳ ಹಂಬಲ ನಿಂತಿದೆ.

ಅಕ್ಕ ಇರುವುದು ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ದೂರದ ಊರಿನಲ್ಲಿ. ಅಲ್ಲಿ ಅವರದೊಂದು ಪುಟ್ಟ ಬೇಕರಿ. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು. ತಲೆ ಬಾಚಿ, ಜಡೆ ಹೆಣೆದು, ತುತ್ತಿಟ್ಟು, ಬೈದು ಬೆಳೆಸಿದವರು ಅಕ್ಕನೇ. ಓದಿಸಿದ್ದೂ ಆ ಒಲೆಯ ಶಾಖವೇ. ಈಗ ಅಕ್ಕನ ಮೊಣಕಾಲು ರೈಲಿನ ಮೆಟ್ಟಿಲು ಹತ್ತಲೊಲ್ಲದು. ತಂಗಿಗೋ ಈ ಕೋಣೆಯಿಂದ ಬಿಡುಗಡೆಯಿಲ್ಲ. ಮೊಬೈಲಿನಲ್ಲಿ ಮುಖ ನೋಡಿಕೊಂಡು ಮಾತಾಡಬಹುದಲ್ಲ ಎಂದರೆ ಅಕ್ಕ ಒಪ್ಪುವುದಿಲ್ಲ. "ಮುಖ ನೋಡಬೇಕು ಅಂದ್ರೆ ಬಾ. ಪುಕ್ಕಟೆ ತೋರಿಸೋಕೆ ನಾನೇನು ಗೋಡೆ ಮೇಲಿನ ಪಟವಾ?" ಎನ್ನುವುದು ಅವರ ಹಟ.

"ತಲೆ ಪೂರ್ತಿ ಬೆಳ್ಳಗಾಗಿದೆ ಅಂತಾಳೆ," ಎನ್ನುತ್ತಾರೆ ಸ್ವಿಚ್ಚಮ್ಮ. "ನಾನು ಕಣ್ಣು ಮುಚ್ಚಿದ್ರೆ ಕಾಣೋದು ಇನ್ನೂ ಆ ಕರೀ ಜಡೆನೇ."

ಬಿಡುಗಡೆ ಏಕಿಲ್ಲ ಎಂಬುದಕ್ಕೆ ಉತ್ತರ ಉಕ್ಕಿನ ಪೆಟ್ಟಿಗೆಯೊಳಗಿದೆ. ಅದು ಅಂಕಣಗಳಿರುವ ಬೀರುವಿನಂಥದು. ಒಂದೊಂದು ಅಂಕಣಕ್ಕೂ ಒಂದೊಂದು ಹಲಗೆಯನ್ನು ತೂರಿಸಬಹುದು, ಬೇಕಾದಾಗ ಈಚೆಗೆಳೆಯಬಹುದು. ಹೆಚ್ಚಿನ ಹಲಗೆಗಳು ಕೇಬಲ್ಲು ಹಿಡಿದುಕೊಂಡಿರುತ್ತವೆ, ಅಷ್ಟೆ. ಯಾವ ಮಾತು ಯಾವ ದಾರಿ ಹಿಡಿಯಬೇಕೆಂದು ಅಪ್ಪಣೆ ಕೊಡುವುದು ನಡುವಣ ಒಂದು ಹಲಗೆ; ಅದೇ ಕಂಟ್ರೋಲ್ ಮಾಡ್ಯೂಲ್. ರಥಕ್ಕೆ ಸಾರಥಿ ಹೇಗೋ ಇದು ಹಾಗೆ. ಈ ರಥಕ್ಕೆ ಇಬ್ಬರು ಸಾರಥಿಗಳು ಕೂರುವಷ್ಟು ಜಾಗವಿದ್ದರೂ ಮೊದಲಿನಿಂದ ಇದ್ದದ್ದು ಒಬ್ಬನೇ. ಅವನು ಮೂರ್ಛೆ ಹೋದರೆ ಆರೂ ಮಹಡಿ ಮೂಕ; ಎಬ್ಬಿಸಬಲ್ಲವರು ಸ್ವಿಚ್ಚಮ್ಮ ಒಬ್ಬರೇ. ರಜೆ ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ನೀವಿಲ್ಲದಾಗ ಅದು ಮಲಗಿಬಿಟ್ಟರೆ?"

ಕಳೆದ ವರ್ಷ ಎರಡನೆಯ ಸಾರಥಿಯೊಬ್ಬನನ್ನು ಅವರು ಹೇಗೋ ತಂದರು. ಬಾಗಿಲು ಮುಚ್ಚುತ್ತಿದ್ದ ಇನ್ನೊಂದು ಕಚೇರಿಯವರು ಮಾರಿದ ಹಳೆಯ ಮಾಡ್ಯೂಲ್ ಅದು. ಅದೇ ಬಣ್ಣ, ಅದೇ ಅಳತೆ, ಅದೇ ಮುಖ. ಅಂಕಣದಲ್ಲಿ ಸಲೀಸಾಗಿ ಕುಳಿತೂಬಿಟ್ಟಿತು. ದೀಪ ಮಾತ್ರ ಹಸಿರಿಗೆ ತಿರುಗದೆ ಹಳದಿಯಲ್ಲೇ ನಿಂತಿತ್ತು. ಎಚ್ಚರಗೊಳ್ಳಲು ಹೊತ್ತು ಹಿಡಿಯುತ್ತಿದೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ರೈಲಿನ ಟಿಕೆಟ್ಟು ಆಗಲೇ ಪರ್ಸಿನಲ್ಲಿತ್ತು. ಅತ್ತ ಅಕ್ಕ ಚಿಕ್ಕ ಕೋಣೆಗೆ ಸುಣ್ಣ ಹೊಡೆಸಿದ್ದರು. ಅಕ್ಕನನ್ನು ಫೋನಿನಲ್ಲಿ ಮಾತಿಗೆ ಹಚ್ಚಿ, ಎರಡನೆಯವನು ಹೊಣೆ ಹೊರುತ್ತಾನೆಯೇ ಎಂದು ನೋಡಲು ಮೊದಲಿದ್ದ ಸಾರಥಿಯನ್ನು ಕಿತ್ತರು.

"'ಯಾವಾಗ ಬ...' ಅಂದಿದ್ದಳು ಅಕ್ಕ. ಅಲ್ಲಿಗೇ ಕಡೀತು."

ಆ ಎರಡು ಮಾಡ್ಯೂಲುಗಳು ಒಂದೇ ಮನೆತನದವು, ಒಂದೇ ತಲೆಮಾರಿನವಲ್ಲ. ಹೊಸದಾಗಿ ಬಂದವನ ಭಾಷೆ ಮೊದಲಿದ್ದವನಿಗೆ ತಿಳಿಯದು. ಒಬ್ಬನ ನೆನಪನ್ನು ಇನ್ನೊಬ್ಬ ಪಡೆಯಲಾರ. ಪೆಟ್ಟಿಗೆ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುವವರೆಗೆ ಕಟ್ಟಡವೆಲ್ಲ ನಿಶ್ಶಬ್ದವಾಯಿತು. ಅಂದು ಅವರ ಕಿವಿಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಅದನ್ನು ಅವರು ಮರೆತಿದ್ದಾರೆ. ಅರ್ಧಕ್ಕೆ ಕಡಿದ ಆ ಪ್ರಶ್ನೆಯನ್ನು ಮರೆತಿಲ್ಲ.

"ಹಳದಿ ದೀಪ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಹೋಗೋ ಆಸೆ ಕಣ್ಣಿಗೆ ಅದನ್ನ ಹಸಿರು ಮಾಡಿ ತೋರಿಸ್ತು."

ಈ ವರ್ಷ ಆಯ್ಕೆಯ ಪ್ರಶ್ನೆ ಮತ್ತೆ ಎದ್ದಿತು. ಕಚೇರಿ ಮಂಜೂರು ಮಾಡಿದ ಹಣದಲ್ಲಿ ಮಹಾಬಲನಾದ ಸಾರಥಿ ಒಬ್ಬನನ್ನು ಕೊಳ್ಳಬಹುದು, ಇಲ್ಲವೇ ಸಾಧಾರಣ ಶಕ್ತಿಯ ಅವಳಿಗಳನ್ನು ತರಬಹುದು. ಮ್ಯಾನೇಜರ್ ಮನಸ್ಸು ಮಹಾಬಲನ ಕಡೆಗಿತ್ತು. ಅವರ ವಾದದಲ್ಲೂ ಹುರುಳಿತ್ತು: ಊರು ಬೆಳೆಯುತ್ತಿದೆ, ಫೋನುಗಳು ಹೆಚ್ಚುತ್ತವೆ, ಸಾಧಾರಣದವು ನಾಲ್ಕೈದು ವರ್ಷಗಳಲ್ಲಿ ಏದುಸಿರು ಬಿಡುತ್ತವೆ.

"ನೀವು ಹೇಳೋದು ಸರಿ ಸರ್," ಎಂದರಂತೆ ಸ್ವಿಚ್ಚಮ್ಮ. "ಆದ್ರೆ ಅವನೊಬ್ಬನೇ ಆಗಿಬಿಡ್ತಾನೆ."

"ಇದರಲ್ಲಿ ನಿಮ್ಮ ಸ್ವಾರ್ಥ ಏನೂ ಇಲ್ವಾ?"

"ಇದೆ ಸರ್. ಅಕ್ಕನ ಮನೆಗೆ ಹೋಗಬೇಕು."

ಅಷ್ಟು ನೇರವಾದ ಉತ್ತರವನ್ನು ಮ್ಯಾನೇಜರ್ ನಿರೀಕ್ಷಿಸಿರಲಿಲ್ಲ. ಎರಡು ದಿನ ಯೋಚಿಸಿ ಅವಳಿಗಳಿಗೇ ಸಹಿ ಹಾಕಿದರು. ಜೊತೆಗೆ ಒಂದು ಷರತ್ತು: "ನನ್ನ ಕಣ್ಣೆದುರಿಗೇ ಕಿತ್ತು ತೋರಿಸಿ. ಕರೆ ಕಡಿದರೆ ರಜೆಯ ಮಾತು ಎತ್ತಬೇಡಿ."

ಆ ಬೆಳಗು ಇದೇ. ಅವಳಿಗಳು ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಕುಳಿತಿವೆ. ಒಂದು ಆಳುತ್ತದೆ. ಇನ್ನೊಂದು ಮೊದಲನೆಯದು ನೆನೆದದ್ದನ್ನೆಲ್ಲ ತಾನೂ ನೆನೆಯುತ್ತ ಎಚ್ಚರವಾಗಿ ಕಾಯುತ್ತದೆ. ಎಂದೂ ಸರದಿ ಬಾರದಿದ್ದರೂ ಅದಕ್ಕೆ ಕಾಯುವುದೇ ಕೆಲಸ. ಎರಡರ ದೀಪವೂ ಹಸಿರು. ಸ್ವಿಚ್ಚಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. ಆಮೇಲೆ ಮ್ಯಾನೇಜರ್ ಕಡೆ ತಿರುಗುತ್ತಾರೆ.

"ಸರ್, ನನ್ನ ಕಣ್ಣನ್ನ ನಾನು ನಂಬಲ್ಲ. ನೀವು ಹೇಳಿ, ಯಾವ ಬಣ್ಣ?"

"ಹಸಿರು. ಎರಡೂ."

ಫೋನಿನಲ್ಲಿ ಅಕ್ಕ ಬ್ರೆಡ್ಡಿನ ಹಿಟ್ಟಿಗೂ ನೆರೆಮನೆಯಾಕೆಗೂ ಒಟ್ಟಿಗೇ ಶಾಪ ಹಾಕುತ್ತಿದ್ದಾರೆ. "ಹಿಟ್ಟು ಉಬ್ಬಲ್ಲ ಅಂತ ಕೂತಿದೆ, ಅವಳು ಉಬ್ಬಿಕೊಂಡೇ ಕೂತಿದ್ದಾಳೆ. ಮೊನ್ನೆ ಕೇಳ್ತಾಳೆ, ನಿನ್ನ ತಂಗಿ ನಿಜವಾಗಲೂ ಇದ್ದಾಳಾ, ಇಲ್ಲ ನೀನು ಕಟ್ಟಿದ ಕಥೆಯಾ ಅಂತ. ಏನು ಹೇಳಲಿ ನಾನು?"

ಸ್ವಿಚ್ಚಮ್ಮನ ಹೆಬ್ಬೆರಳುಗಳು ಮೇಲಿನ ಮಾಡ್ಯೂಲಿನ ಎರಡು ಹಿಡಿಗಳ ಮೇಲೆ ಕೂರುತ್ತವೆ. ತುಟಿ ಒಮ್ಮೆ ಅಲುಗುತ್ತದೆ. ಪ್ರಾರ್ಥನೆಯೋ, ಅಕ್ಕನ ಹೆಸರೋ ತಿಳಿಯದು. ಹಿಡಿಗಳು ಹೊರಮಗ್ಗುಲಿಗೆ ತೆರೆಯುತ್ತವೆ, ಆಳುತ್ತಿದ್ದ ಸಾರಥಿ ಅಂಕಣದಿಂದ ಈಚೆಗೆ ಜಾರುತ್ತಾನೆ.

"...ಹೇಳಿಬಿಟ್ಟೆ, ಇದ್ದಾಳೆ ಕಣೇ, ಹಲ್ಲುಬ್ಬಿ, ಮೊಂಡಿ, ಆದ್ರೂ ಇದ್ದಾಳೆ ಅಂತ. ಅಲ್ಲ ಕಣೇ, ನೀನು ಯಾವಾಗ ಬರ್ತೀಯಾ?"

ಅಖಂಡ ಧ್ಯಾನಕ್ಕೆ ಹಿಂದಿನವರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಎಣ್ಣೆಯ ಧಾರೆಯನ್ನು ಹೋಲಿಸಿದ್ದಾರೆ. ನಡುವೆ ಎಳ್ಳಷ್ಟೂ ಬಿರುಕಿಲ್ಲದ ಹರಿವು ಅದು. ಅಕ್ಕನ ಮಾತು ಒಬ್ಬ ಸಾರಥಿಯಿಂದ ಇನ್ನೊಬ್ಬನಿಗೆ ಹಾಗೆಯೇ ಹರಿದಿದೆ. ಕಿತ್ತ ಮಾಡ್ಯೂಲನ್ನು ಸ್ವಿಚ್ಚಮ್ಮ ಎರಡೂ ಕೈಯಲ್ಲಿ ಎತ್ತಿ ಮ್ಯಾನೇಜರ್‌ಗೆ ತೋರಿಸುತ್ತಾರೆ.

"ಏನೇ, ಸತ್ತೆಯಾ? ಕೀಳು ಬೇಗ, ಬ್ರೆಡ್ಡು ಸೀಯುತ್ತೆ!"

"ಕಿತ್ತಾಯ್ತು ಅಕ್ಕ."

"ಯಾವಾಗ?"

"ನೀನು ನನ್ನ ಬೈತಿದ್ದೆಯಲ್ಲ, ಆಗ."

ಆ ಕಡೆ ಅಕ್ಕ ಮೊದಲ ಬಾರಿಗೆ ಸುಮ್ಮನಾಗುತ್ತಾರೆ. ಸ್ವಿಚ್ಚಮ್ಮನ ಕಣ್ಣು ಥಟ್ಟನೆ ಹಸಿರು ದೀಪದ ಕಡೆ ಹೊರಳುತ್ತದೆ. ದೀಪ ಉರಿಯುತ್ತಿದೆ. ಬಳಿಕ ಮೂಗು ಸೇದುವ ಸದ್ದು ಕೇಳುತ್ತದೆ. "ಒಲೆ ಹೊಗೆ," ಎನ್ನುತ್ತಾರೆ ಅಕ್ಕ. "ಚಿಕ್ಕ ಕೋಣೆ ಗುಡಿಸಿಡ್ತೀನಿ. ಸುಣ್ಣ ಇನ್ನೂ ಬೆಳ್ಳಗೇ ಇದೆ."

ಮ್ಯಾನೇಜರ್ ಆರಿದ ಚಹವನ್ನು ಒಂದೇ ಗುಟುಕಿಗೆ ಕುಡಿದು, "ಒಂದು ವಾರ. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡಲ್ಲ," ಎಂದು ಮೆಟ್ಟಿಲು ಹತ್ತುತ್ತಾರೆ. ಕಿತ್ತದ್ದನ್ನು ಸ್ವಿಚ್ಚಮ್ಮ ಮತ್ತೆ ಅಂಕಣಕ್ಕೆ ತೂರಿಸುತ್ತಾರೆ. ಇಷ್ಟು ಹೊತ್ತು ಆಳಿದ್ದು ಇನ್ನು ಕಾಯಲಿದೆ. ಅದರ ದೀಪ ಹಳದಿಯಿಂದ ಹಸಿರಿಗೆ ತಿರುಗುವವರೆಗೂ ಅವರು ಕದಲುವುದಿಲ್ಲ.

ಅಕ್ಕನ ಮನೆಯಲ್ಲಿ ಮೊದಲು ಮಾಡುವ ಕೆಲಸವೇನು ಎಂದು ಕೇಳಿದರೆ ಮಣಿಕಟ್ಟಿನ ಪಟ್ಟಿ ಬಿಚ್ಚುತ್ತ ಅವರು ಸ್ವಲ್ಪ ಯೋಚಿಸುತ್ತಾರೆ.

"ಫೋನಿನಲ್ಲಿ ಅಕ್ಕ ಒಂದು ಗಳಿಗೆ ಸುಮ್ಮನಾದ್ರೂ ನನ್ನ ಎದೆ ಧಸಕ್ ಅನ್ನುತ್ತೆ, ಲೈನು ಹೋಯ್ತೇನೋ ಅಂತ. ಅದಕ್ಕೇ ಏಳು ವರ್ಷದಿಂದ ಅವಳನ್ನ ಮಾತಾಡಿಸ್ತಾನೇ ಇದ್ದೀನಿ. ಅಲ್ಲಿ ಹೋಗಿ ಒಲೆ ಮುಂದೆ ಅವಳ ಪಕ್ಕದಲ್ಲಿ ಕೂತ್ಕೋಬೇಕು. ಅವಳೂ ಮಾತಾಡಬಾರದು, ನಾನೂ ಮಾತಾಡಬಾರದು. ಅಷ್ಟೇ."