ಮೇಷ್ಟ್ರ ಎದೆಯ ಮೇಲೆ ಒದ್ದೆ ಕಾಲ್ಚೀಲ

ಡ್ರೈವಿಂಗ್ ಸ್ಕೂಲಿನಲ್ಲಿ ಅವನನ್ನು ಎಲ್ಲರೂ ಮೀಡಿಯಾ ಎಂದೇ ಕರೆಯುತ್ತಿದ್ದರು. ಹೋದ ವರ್ಷದವರೆಗೆ ಅವನ ಹೆಸರು ಪೈಪು. ಕಲಿಕೆಯ ಕಾರುಗಳನ್ನು ತೊಳೆಯುವುದು ಅವನ ಕೆಲಸವಾಗಿತ್ತು. ಒಮ್ಮೆ ಯಜಮಾನರ ಫೋನಿನಲ್ಲಿ ತಲೆಕೆಳಗಾಗಿದ್ದ ಫೋಟೋವನ್ನು ನೆಟ್ಟಗೆ ಮಾಡಿಕೊಟ್ಟ. ಅಷ್ಟಕ್ಕೇ ಅವರು ಇವನಿಗೆ ಕಂಪ್ಯೂಟರ್ ಗೊತ್ತೆಂದು ತೀರ್ಮಾನಿಸಿ, ಒಳಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿ, ಸ್ಕೂಲಿನ ವಿಡಿಯೋಗಳನ್ನೆಲ್ಲ ಅವನ ತಲೆಗೆ ಕಟ್ಟಿದರು. ನನಗೇನೂ ಬರುವುದಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಫ್ಯಾನಿನ ಗಾಳಿಗೆ ಹಾಗೇ ವಾಪಸ್ ಹೋಯಿತು.

ಈಗ ಆ ಕುರ್ಚಿಗೇ ಕುತ್ತು ಬಂದಿತ್ತು. ಮೊದಲ ವಿಡಿಯೋಗೆ ಅವನು ತನಗಿಷ್ಟವಾದ ಸಿನಿಮಾ ಹಾಡೊಂದನ್ನು ಅಂಟಿಸಿ ಇಂಟರ್ನೆಟ್ಟಿಗೆ ಏರಿಸಿದ್ದ. ಹಾಡಿನ ಮಾಲೀಕರು ತಕರಾರು ಎತ್ತಿದರು, ವಿಡಿಯೋದ ದನಿಯೇ ಹೊರಟುಹೋಯಿತು. ಯಜಮಾನರು ಸ್ವತಃ ಭಾಷಣ ಮಾಡಿದ್ದ ವಿಡಿಯೋ ಅದು. ತಮ್ಮ ಬಾಯಿ ಸುಮ್ಮನೆ ತೆರೆದು ಮುಚ್ಚುವುದನ್ನು ಅವರು ಎರಡೆರಡು ಸಲ ನೋಡಿದರು.

"ನೆಂಟರೆಲ್ಲ ಫೋನ್ ಮಾಡಿ ಗಂಟಲಿಗೇನಾಯ್ತು ಅಂತ ಕೇಳ್ತಿದ್ದಾರೆ ಕಣೋ," ಎಂದರು. "ಇನ್ನೊಂದು ಮಾಡು. ಅದಕ್ಕೂ ಹೀಗೇ ಆದ್ರೆ, ಪೈಪ್ ಎಲ್ಲಿದೆ ಅಂತ ನಿನಗೇ ಗೊತ್ತು."

ಪುಕ್ಕಟೆ ಸಂಗೀತ ಹುಡುಕಲು ಕೂತ. ಸಿಕ್ಕಿತು, ರಾಶಿ ರಾಶಿ. ಆದರೆ ಪ್ರತಿಯೊಂದರ ಬಾಲಕ್ಕೂ ಒಂದು ಷರತ್ತು. ಒಂದು ಕೇಳಲು ಮಾತ್ರ ಪುಕ್ಕಟೆ. ಇನ್ನೊಂದನ್ನು ಬಳಸಬಹುದು, ವ್ಯಾಪಾರಕ್ಕಲ್ಲ. ಮತ್ತೊಂದು ವ್ಯಾಪಾರಕ್ಕೂ ಆದೀತು, ಕತ್ತರಿಸುವಂತಿಲ್ಲ. ಅದೋ ಮುಗಿಯುವ ಪೈಕಿಯೇ ಅಲ್ಲ, ಕಾರು ನಿಂತು ಎಲ್ಲರೂ ಇಳಿದು ಮನೆ ಸೇರಿದರೂ ಕೊಳಲು ಊದುತ್ತಲೇ ಇರುತ್ತದೆ.

ಮನೆಯಲ್ಲಿ ಅಕ್ಕನ ಮುಂದೆ ಗೋಳು ತೋಡಿಕೊಂಡ. ಅಕ್ಕ ಬಟ್ಟೆ ಮಡಿಸುತ್ತಲೇ ಹೇಳಿದಳು: "ಪಕ್ಕದ ಮನೆ ಏಣಿ ಇದ್ದ ಹಾಗೆ ಕಣೋ. ತಗೊಂಡು ಹೋಗು ಅಂತಾರೆ. ಅಂದ್ರೆ ಬಾಡಿಗೆಗೆ ಬಿಡು ಅಂತಾನಾ? ಗರಗಸ ಹಾಕು ಅಂತಾನಾ? ಯಾರದ್ದು ಅಂತ ಕೇಳಿದ್ರೆ ಅವರ ಹೆಸರು ಹೇಳ್ಬೇಕು." ಆ ಕ್ಷಣಕ್ಕೆ ಎಲ್ಲ ಅರ್ಥವಾದಂತಾಯಿತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತಾಗ ತಲೆಯಲ್ಲಿ ಏಣಿ ಮಾತ್ರ ಉಳಿದಿತ್ತು.

ಕೊನೆಗೆ 'ಒದ್ದೆ ಕಾಲ್ಚೀಲ' ಎಂದು ತಮ್ಮನ್ನು ತಾವೇ ಕರೆದುಕೊಂಡ ಯಾರೋ ಒಬ್ಬರ ಗಿಟಾರ್ ತುಣುಕು ಸಿಕ್ಕಿತು. ವ್ಯಾಪಾರಕ್ಕೂ ಆಗುತ್ತದೆ, ಕತ್ತರಿಸಲೂಬಹುದು. ಬಾರಿಸಿದವರ ಹೆಸರು ಹಾಕಬೇಕು. ಆದರೆ ಅವರು ನಿಮ್ಮನ್ನು ಮೆಚ್ಚಿದ್ದಾರೆ ಎಂಬ ಅರ್ಥ ಬರುವಂತೆ ಏನನ್ನೂ ಬರೆಯಕೂಡದು. ಇಲ್ಲೇ ಅವನು ಎಡವಿದ. 'ಸಂಗೀತ' ಎಂದು ಬರೆದ. ಅವರೇ ನಮ್ಮ ಸ್ಕೂಲಿಗೆಂದು ಮಾಡಿಕೊಟ್ಟಂತೆ ಕಂಡೀತೆಂದು ಅಳಿಸಿದ. 'ಕೃಪೆ' ಎಂದು ಬರೆದ. ಅದು ಇನ್ನೂ ಅಪಾಯ. ಯಾವ ರಗಳೆಯೂ ಬೇಡವೆಂದು ಬರೀ ಹೆಸರನ್ನು ದಪ್ಪ ಅಕ್ಷರದಲ್ಲಿ, ಗಿಟಾರ್ ಶುರುವಾಗುವಲ್ಲಿ ಹಾಕಿದ. ಅಲ್ಲಿ ಸ್ಕೂಲಿನ ಹಿರಿಯ ಮೇಷ್ಟ್ರು, ನಗು ಎಂಬುದನ್ನೇ ಕಾಣದ ಮನುಷ್ಯ, ಕಾರನ್ನು ರಿವರ್ಸ್‌ನಲ್ಲಿ ನಿಲ್ಲಿಸಿ, ಇಳಿದು, ಕೈಕಟ್ಟಿ ನಿಲ್ಲುತ್ತಿದ್ದರು. ಅವರ ಎದೆಗೆ ಸರಿಯಾಗಿ 'ಒದ್ದೆ ಕಾಲ್ಚೀಲ'.

ವಿಡಿಯೋದ ದನಿ ಉಳಿಯಿತು. ಜನವೂ ಬಂದರು. ಮೊದಲು ಬಂದ ಹೆಂಗಸು ನೇರವಾಗಿ ಅವನ ಮೇಜಿನ ಮುಂದೆ ನಿಂತು, "ಕಾಲ್ಚೀಲ ಸರ್ ಇದ್ದಾರಾ? ರಿವರ್ಸ್ ಅವರ ಹತ್ರಾನೇ ಕಲೀಬೇಕು," ಎಂದಳು. ಕಾಲ್ಚೀಲ ಸರ್ ಅವಳ ಬೆನ್ನ ಹಿಂದೆಯೇ ಇದ್ದರು.

ಅವಳು ಹೋದ ಮೇಲೆ ಮೇಷ್ಟ್ರು ದನಿ ಏರಿಸದೆ ಕೇಳಿದರು. "ನೀನು ಹುಟ್ಟೋಕೆ ಮುಂಚಿನಿಂದ ಕ್ಲಚ್ ತುಳೀತಿದ್ದೀನಿ. ನನ್ನ ಯಾವ ಕಾಲ್ಚೀಲ ಒದ್ದೆ ಆಗಿದ್ದನ್ನ ನೋಡಿದೆಯಪ್ಪಾ ನೀನು?"

ಹೆಸರು ಹೋಗುವವರೆಗೆ ಕಾರು ಹತ್ತುವುದಿಲ್ಲ ಎಂದು ಬೆಂಚಿನ ಮೇಲೆ ಕೂತುಬಿಟ್ಟರು. ಹೆಸರು ತೆಗೆದರೆ ಷರತ್ತು ಮುರಿಯುತ್ತದೆ, ಮತ್ತೆ ತಕರಾರು, ಕುರ್ಚಿ ಹೋಯಿತು. ತೆಗೆಯದಿದ್ದರೆ ಮೇಷ್ಟ್ರು ಹೋದರು, ಅವರ ಹಿಂದೆಯೇ ಕುರ್ಚಿ. ಅವನು ಏಣಿಯ ಕಥೆ ಹೇಳಿ ನೋಡಿದ. ಮೇಷ್ಟ್ರು, "ಯಾವ ಏಣಿ?" ಎಂದರು. ಅದು ಅವನಿಗೂ ಮರೆತುಹೋಗಿತ್ತು.

ಗಲಾಟೆ ಕೇಳಿ ಯಜಮಾನರು ಹೊರಗೆ ಬಂದು ಪರದೆಯ ಮೇಲೆ ಕಣ್ಣು ನೆಟ್ಟರು. ಇದು ಯಾರ ಹೆಸರೆಂದು ಕೇಳಿದರು. ಗಿಟಾರ್ ಬಾರಿಸಿದವರದ್ದು ಎಂದ.

"ಹಾಗಂತ ಬರಿಯೋಕೆ ನಿನಗೇನು ಧಾಡಿ?"

ಹಾಗಂತ ಬರೆದ. 'ಗಿಟಾರ್ ಬಾರಿಸಿದವರು: ಒದ್ದೆ ಕಾಲ್ಚೀಲ', ಮೇಷ್ಟ್ರಿಂದ ದೂರ, ವಿಡಿಯೋದ ಕೊನೆಯಲ್ಲಿ. ಮೇಷ್ಟ್ರು ಕಾರು ಹತ್ತಿದರು. ಕುರ್ಚಿ ಉಳಿಯಿತು.

ಆದರೆ ಆ ವಾರವೇ, ಕಿಟಕಿಯಾಚೆ, ಆ ಹೆಂಗಸು ಹಿಂದಕ್ಕೆ ಬಿಡುತ್ತಿದ್ದ ಕಾರಿನೊಳಗಿಂದ ಅದೇ ಗಿಟಾರಿನ ರಾಗ ಕೇಳಿಸಿತು. ಗುನುಗುತ್ತಿದ್ದವರು ಮೇಷ್ಟ್ರು. ಫೀಸು ಕೊಟ್ಟವರ ಮುಂದೆ ಗುನುಗಿದರೆ ಅದು ವ್ಯಾಪಾರವೋ ಅಲ್ಲವೋ? ಅರ್ಧಕ್ಕೆ ನಿಲ್ಲಿಸಿದರೆ ಕತ್ತರಿಸಿದ ಹಾಗೋ? ಹೆಸರು ಯಾರು ಹೇಳಬೇಕು, ಎಲ್ಲಿ ಬರೆಯಬೇಕು, ಮತ್ತೆ ಮೇಷ್ಟ್ರ ಎದೆಯ ಮೇಲೋ? ಅವನು ಸದ್ದಾಗದಂತೆ ಕಿಟಕಿ ಮುಚ್ಚಿ, ಫ್ಯಾನಿನ ಕೆಳಗೆ ಬಂದು ಕೂತ.