ದಿನಾ ಬೀಳುವ ಟ್ರಿಪ್ಪರ್

ಗೆಳೆಯರೇ, ಇಂದು ಬೆಳಿಗ್ಗೆ ಹಲಗೂರಿನ ನಮ್ಮ ಮನೆಯ ಕರೆಂಟ್ ಬೋರ್ಡಿಗೆ ಅಡ್ಡವಾಗಿ ನಾನು ಕೈ ಚಾಚಿ ನಿಂತಿದ್ದೆ. ಎದುರಿಗೆ ಸ್ಕ್ರೂಡ್ರೈವರ್ ಹಿಡಿದ ದೊಡ್ಡಪ್ಪ. ನಾನು ಹಟ ಮಾಡಿ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದ, ಅಪಾಯ ಕಂಡರೆ ತಾನೇ ಆಫ್ ಆಗುವ ಹೊಸ ಟ್ರಿಪ್ಪರ್ ಸ್ವಿಚ್ಚು ದಿನಾ ಬೆಳಿಗ್ಗೆ ಬಿದ್ದು ಇಡೀ ಮನೆಯ ಕರೆಂಟು ಹೋಗುತ್ತದೆ ಎಂದು ಅವರಿಗೆ ಸಿಟ್ಟು.

"ಪಕ್ಕಕ್ಕೆ ಬಾರವ್ವ. ಇದ ಕಿತ್ತಾಕಿ ಡೈರೆಕ್ಟ್ ಕೊಟ್ಬುಡ್ತೀನಿ."

"ಜೀವ ಕಾಯೋದ್ನೇ ಕಿತ್ತಾಕ್ತೀಯಾ ದೊಡ್ಡಪ್ಪ? ಎಲ್ಲೋ ಕರೆಂಟು ಸೋರ್ತಾ ಅದೆ, ಅದ್ಕೇ ಬೀಳ್ತದೆ."

"ಸೋರಕ್ಕೆ ಅದೇನು ನಲ್ಲೀನಾ?"

ನಾನು ಮುಚ್ಚಳ ಬಿಚ್ಚಲು ಬಿಡಲಿಲ್ಲ. ಕೈ ಒರೆಸಿಕೊಂಡು ಎಲ್ಲ ಸ್ವಿಚ್ಚುಗಳನ್ನೂ ಕೆಳಗಿಳಿಸಿ, ಟ್ರಿಪ್ಪರ್ ಎತ್ತಿ, ಒಂದೊಂದನ್ನೇ ಮೇಲೆತ್ತಿದೆ. ಟ್ರಿಪ್ಪರ್ ಬೀಳಲಿಲ್ಲ. ಬಚ್ಚಲಲ್ಲಿ ದೊಡ್ಡಮ್ಮ ಅಲ್ಯೂಮಿನಿಯಂ ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಇಳಿಸಿ ಸ್ವಿಚ್ ಹಾಕಿದ ಕೂಡಲೇ ಟ್ರಿಪ್ಪರ್ ಟಪ್ಪೆಂದು ಬಿತ್ತು. ಕಳ್ಳ ಸಿಕ್ಕಿಬಿದ್ದ. ನಾನು ಕುಣಿದುಬಿಟ್ಟೆ.

"ದೊಡ್ಡಮ್ಮ, ಟ್ರಿಪ್ಪರ್ ಹಾಕ್ಸೋಕೆ ಮುಂಚೆ ಇದು ಶಾಕ್ ಹೊಡೀತಿರ್ಲಿಲ್ವಾ?"

"ಶಾಕೇನಿಲ್ಲ ಕಣವ್ವ. ಬಕೀಟು ಮುಟ್ಟುದ್ರೆ ಕೈ ಜುಮ್ ಅನ್ನದು. ಜುಮ್ ಅಂದ್ರೆ ನೀರು ಕಾದದೆ ಅಂತ ಆಫ್ ಮಾಡ್ತಿದ್ದೆ."

ದೊಡ್ಡಪ್ಪನ ಮುಖ ಬಿಳುಚಿಕೊಂಡಿತು. ಅವರು ಪ್ಲಗ್ ಕಿತ್ತು, ಕಾಯಿಲಿನ ವೈರು ಕತ್ತರಿಸಿ ಹಿತ್ತಲಿಗೆ ಎಸೆದರು. ಟ್ರಿಪ್ಪರ್ ಉಳಿಯಿತು, ದೊಡ್ಡಮ್ಮನೂ ಉಳಿದರು. ದೊಡ್ಡಮ್ಮನಿಗೆ ಮಾತ್ರ ಸಮಾಧಾನವಿಲ್ಲ.

"ಅಂಗಾದ್ರೆ ನೀರು ಕಾದದೆ ಅಂತ ಇನ್ಮೇಲೆ ಎಂಗವ್ವ ಗೊತ್ತಾಗದು?"

ವಿದ್ಯುತ್ ಸುರಕ್ಷತೆಯ ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ ಗೆಳೆಯರೇ. ಈ ಪ್ರಶ್ನೆಗೆ ಮಾತ್ರ ಯಾವುದರಲ್ಲೂ ಉತ್ತರವಿಲ್ಲ.